ಮೊದಲು ಹೊರಟವಳು

ಜೀರಿಗೆ ಬೆಲ್ಲವನ್ನು ಯಾರು ಮೊದಲು ಇನ್ನೊಬ್ಬರ ತಲೆಯ ಮೇಲೆ ಹಾಕುತ್ತಾರೋ, ಮನೆಯಲ್ಲಿ ಅವರದೇ ದರ್ಬಾರು ಅಂತ ನಮ್ಮ ಮದುವೆಗಳಲ್ಲಿ ಒಂದು ಮಾತಿದೆ. ಅಂತರಪಟ ಸರಿಯುವಷ್ಟರಲ್ಲಿ ನನ್ನ ಸೋದರಮಾವಂದಿರು ನನ್ನನ್ನು ಎತ್ತಿ ಹಿಡಿದಿದ್ದರು, ಗಂಡನ ಕಡೆಯವರು ಅವನನ್ನು. ಗೆದ್ದವಳು ನಾನು. ಮುಂದೆ ಡೈವೋರ್ಸಿನ ಮಾತು ಬಂದಾಗ ಮಾತ್ರ ಎರಡೂ ಕಡೆಯವರು ಕೈಕಟ್ಟಿ ನಿಂತರು. ಅರ್ಜಿ ಮೊದಲು ನೀವು ಹಾಕಿ, ಇಲ್ಲ ನೀವೇ ಹಾಕಿ!

ಆ ಹೊತ್ತಿಗೆ ಅವನು ಮತ್ತಿಕೆರೆಯಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ್ದ. ನಾನು ಚಾಮರಾಜಪೇಟೆಯ ತೌರಿಗೆ ಬಂದು, ಬಳೇಪೇಟೆಯಲ್ಲಿ ಅಪ್ಪನ ಬಳೆ ಅಂಗಡಿಯಲ್ಲಿ ಕೂರುತ್ತಿದ್ದೆ. ಬಂದ ನೆಂಟರೆಲ್ಲ ಒಂದೇ ಗಾದೆ ಹೇಳುತ್ತಿದ್ದರು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ. ಅವನು ಉಣ್ಣುವುದೂ ಮಲಗುವುದೂ ಮತ್ತಿಕೆರೆಯಲ್ಲಿ ಸ್ವಾಮಿ, ಅಂತ ನಾನಂದರೆ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ಲಾಯರಮ್ಮನನ್ನು ಕೇಳಿದೆ. "ಯಾರು ಮೊದಲು ಹಾಕಿದ್ರೂ ಅಷ್ಟೇ ಕಣಮ್ಮ. ಮೊದಲು ಹಾಕಿದೋರು ಮೊದಲು ಹೇಳ್ಕೋತಾರೆ. ಜಡ್ಜು ನೋಡೋದು ಕಾರಣ, ಸಾಕ್ಷಿ. ಇಬ್ಬರೂ ಸೇರಿ ಸಹಿ ಹಾಕಿಬಿಟ್ರೆ ಇನ್ನೂ ಸಲೀಸು," ಅಂದರು. ಆ ಸಹಿಗೂ ಅವನು ಒಪ್ಪಲಿಲ್ಲ. ಕೋರ್ಟಿನಲ್ಲಿ ಯಾರು ಹಾಕಿದರೂ ಅಷ್ಟೇ ಇರಬಹುದು. ತ್ಯಾಗರಾಜನಗರದಲ್ಲಿ, ನನ್ನ ಅತ್ತೆಯ ಮನೆಯಲ್ಲಿ, ಹಾಗಿರಲಿಲ್ಲ.

ಅತ್ತೆಯ ಬಗ್ಗೆ ಹೇಳಲೇಬೇಕು. ಮದುವೆಯಾದ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ನನ್ನನ್ನು ತೌರಿಗೆ ಕಳಿಸಿದ್ದರು. ಬೇರೆ ಸೊಸೆಯರಿಗೆ ಗಂಡನನ್ನು ಬಿಟ್ಟಿರುವ ಬೇಸರವಾದರೆ ನನಗೆ ಅತ್ತೆಯನ್ನು ಬಿಟ್ಟಿರುವ ಬೇಸರ. ಒಂದು ವಾರ ತಡೆದುಕೊಂಡು ಆಕೆಯೇ ಫೋನ್ ಮಾಡಿದರು. "ಗಾಂಧಿ ಬಜಾರಿಗೆ ಬಂದ್ಬಿಡೇ. ಒಂದೇ ಹೊಸಿಲು ದಾಟಬಾರದು ಅಂದಿದಾರೆ, ಬೀದೀಲಿ ನಿಂತ್ಕೊಬಾರದು ಅಂದಿಲ್ವಲ್ಲ!" ಹೂವಿನ ಅಂಗಡಿಯ ಮುಂದೆ ನಿಂತು ಚೀಲದಿಂದ ಕೋಡುಬಳೆ ಡಬ್ಬಿ ತೆಗೆದುಕೊಟ್ಟರು. ಇಬ್ಬರೂ ಕಳ್ಳರ ಹಾಗೆ ನಕ್ಕೆವು. ಹೆಣ್ಣುಮಕ್ಕಳಿಲ್ಲದ ಆಕೆ ಪ್ರತಿ ಗೌರಿ ಹಬ್ಬಕ್ಕೂ ಮೊರದ ಬಾಗಿನ ಕೊಡುತ್ತಿದ್ದದ್ದು ನನಗೇ. ಅವನು ಮತ್ತಿಕೆರೆ ಸೇರಿದ ಮೇಲಿನ ಗೌರಿಗೂ ಕರೆದು ಕೊಟ್ಟರು.

ಆ ದಿನ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡರು. "ನೀನು ಮಾತ್ರ ಅರ್ಜಿ ಹಾಕ್ಬೇಡ ಕಣೇ. ಅವನೇ ಹಾಕ್ಲಿ. ಅವನು ಹಾಕಿದ್ರೆ ತಪ್ಪು ನಮ್ಮನೇದು, ನಾನು ನಿಮ್ಮ ಮಾವನ ಎದುರಿಗೇ ನಿನ್ನ ಕರೀತೀನಿ. ನೀನು ಹಾಕಿದ್ರೆ, ಕೋರ್ಟಿಗೆ ಎಳೆದೋಳು ಈ ಹೊಸಿಲು ತುಳೀಬಾರದು ಅಂತ ಅವರು ಆಗ್ಲೇ ಅಂದುಬಿಟ್ಟಿದಾರೆ. ನಾನೇನು ಮಾಡ್ಲಿ?"

ಆಯಿತು ಅತ್ತೆ, ಅಂದೆ. ಗಂಡ ಹೋದ ಅಂತ ನಾನು ಅತ್ತಿದ್ದು ಕಡಿಮೆ. ಈ ಮನೆಯ ಬಾಗಿಲು ಹೋಗುತ್ತದಲ್ಲ ಅನ್ನುವ ಸಂಕಟವೇ ದೊಡ್ಡದಾಗಿತ್ತು. ಅದಕ್ಕೇ ಕಾದೆ.

ಅವನನ್ನು ಕೇಳಿದರೆ ಪಿತೃಪಕ್ಷ ಕಳೆಯಲಿ ಅಂದ. ಅದು ಕಳೆದರೆ ನವರಾತ್ರಿ, ಹಬ್ಬದಲ್ಲಿ ಕೋರ್ಟಾ? ಧನುರ್ಮಾಸದಲ್ಲಿ ಬೇಡ. ಸಂಕ್ರಾಂತಿಗೆ ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ, ಡೈವೋರ್ಸ್ ಮಾತಾಡಬಾರದಂತೆ. ಯುಗಾದಿಯೂ ಹೋಯಿತು. ಬೇರೆಯವಳ ಮನೆ ಹೊಕ್ಕಾಗ ಯಾವ ಪಂಚಾಂಗ ನೋಡಿದ್ದನೋ ಮಹಾರಾಯ!

ಮತ್ತೆ ಆಷಾಢ ಬಂತು. ಫೋನ್ ಮಾಡಿ, "ಹಾಕ್ತೀಯೋ ಇಲ್ವೋ, ಒಂದು ಹೇಳು," ಅಂದೆ.

"ನೀನೇ ಹಾಕ್ಬಿಡು. ನಾನು ಹಾಕಿದ್ರೆ ಅಪ್ಪನ ಮುಂದೆ ನಾನೇ ಕೆಟ್ಟೋನಾಗ್ತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಥೂ ನಿನ್ನ, ಅಂತ ಫೋನಿಟ್ಟೆ. ಇವನು ಇವತ್ತಲ್ಲ, ಯಾವತ್ತೂ ಹಾಕುವವನಲ್ಲ. ಅತ್ತೆಯ ಹೊಸಿಲಿಗಾಗಿ ನಾನು ಆಯಸ್ಸಿಡೀ ಅವನ ಹೆಂಡತಿಯಾಗಿಯೇ ಕೂರಬೇಕು. ಆ ವಾರವೇ ಲಾಯರಮ್ಮನ ಹತ್ತಿರ ಹೋಗಿ ಸಹಿ ಹಾಕಿದೆ. "ಆಷಾಢದಲ್ಲಿ ಯಾರಾದ್ರೂ ಹಾಕ್ತಾರೇನೇ?" ಅಂತ ಅಮ್ಮ ಹಣೆ ಚಚ್ಚಿಕೊಂಡಳು. "ಮಾಡಬಾರದಿರೋದು ಶುಭಕಾರ್ಯ ತಾನೇ?" ಅಂದೆ. ಆಮೇಲೆ ರೂಮಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನೋಟಿಸು ಹೋದ ಮೇಲೆ ತ್ಯಾಗರಾಜನಗರದಿಂದ ಫೋನ್ ನಿಂತಿತು. ನಾನು ಮಾಡಿದರೆ ಮಾವನವರು ತೆಗೆದು, ಒಂದು ಮಾತೂ ಆಡದೆ ಇಡುತ್ತಿದ್ದರು. ಶ್ರಾವಣ ಹಾಗೇ ಕಳೆಯಿತು.

ಗೌರಿ ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಬಳೆ ಕೊಳ್ಳುವವರ ನೂಕುನುಗ್ಗಲು. ಗುರುತಿಲ್ಲದ ನಂಬರಿನಿಂದ ಫೋನ್ ಬಂತು. "ಗಾಂಧಿ ಬಜಾರಿಗೆ ಬಾರೇ. ಹೂವಿನ ಅಂಗಡಿ ಹತ್ರ ಇದೀನಿ. ಹೂವಿನವಳ ಫೋನು ಇದು." ಅಪ್ಪನಿಗೆ ಅಂಗಡಿ ಬಿಟ್ಟು, ಕೈಗೆ ಸಿಕ್ಕಿದ ಹಸಿರು ಬಳೆ ಒಂದು ಡಜನ್ ಸುತ್ತಿಕೊಂಡು ಆಟೋ ಹತ್ತಿದೆ.

ಅತ್ತೆ ಸೊರಗಿ ಇಳಿದುಹೋಗಿದ್ದರು. ಬಟ್ಟೆಯ ಚೀಲದೊಳಗೆ ಬಾಗಿನ. ಮೊರ ಅದರಲ್ಲಿ ಹಿಡಿಸದೆ ತುದಿ ಹೊರಗೆ ಬಂದಿತ್ತು. ಅದನ್ನು ಸೆರಗಿನಿಂದ ಮುಚ್ಚಿಕೊಂಡಿದ್ದರು. ಜನರ ನಡುವೆಯೇ ನನ್ನ ಹಣೆಗೆ ಕುಂಕುಮ ಇಟ್ಟು, ಸೆರಗನ್ನೇ ಹೊದಿಸಿ ಚೀಲ ಕೊಟ್ಟರು. ಯಾಕೆ ಹಾಕಿದೆ ಅಂತ ಕೇಳಲಿಲ್ಲ. ನಾನು ತಂದ ಬಳೆಯನ್ನು ರವಿಕೆಯೊಳಗೆ ಬಚ್ಚಿಟ್ಟುಕೊಂಡರು.

"ಆಷಾಢ ಅಂತ ತಿಳ್ಕೊಳೇ," ಅಂದರು.

"ಆಷಾಢ ಒಂದು ತಿಂಗಳಿಗೆ ಮುಗಿಯುತ್ತಲ್ಲ ಅತ್ತೆ."

ಅವರು ಒಂದು ಮೊಳ ಮಲ್ಲಿಗೆ ಕೊಂಡು ನನಗೆ ಮುಡಿಸಿದರು.

"ಹೊತ್ತಾಯ್ತು, ನೀನು ಮೊದಲು ಹೊರಡು."

"ಇಲ್ಲ, ನೀವು ಮೊದಲು ಹೋಗಿ."

ಹೀಗೇ ಒಬ್ಬರಿಗೊಬ್ಬರು ಹೇಳಿಕೊಂಡು ಸುಮಾರು ಹೊತ್ತು ಅಲ್ಲೇ ನಿಂತಿದ್ದೆವು. ಹೂವಿನವಳು, "ಅಮ್ಮ, ಸ್ವಲ್ಪ ಪಕ್ಕಕ್ಕೆ ಬನ್ನಿ, ಗಿರಾಕಿ ಬತ್ತವ್ರೆ," ಅಂದಳು. ಅತ್ತೆ ಪಕ್ಕಕ್ಕೆ ಸರಿದು ನಿಂತರು. ಅವರು ಹೋಗುವವರಲ್ಲ ಅಂತ ನನಗೆ ಗೊತ್ತಾಯಿತು. ಬಾಗಿನದ ಚೀಲ ಎದೆಗವಚಿಕೊಂಡು ಆಟೋ ಹತ್ತಿದೆ. ಅಲ್ಲಿಯೂ ಮೊದಲು ಹೊರಟವಳು ನಾನೇ.