ಬಸರಿ ಮರದೊಳಗೊಂದು ಕಿಟಕಿ

‘ಹವಾಮಾನ ಸರಿಯಿಲ್ಲ ಮೇಡಂ’ ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಒಂದು ಮಳೆಗಾಲವಿಡೀ ಆ ಮಾತು ಕೇಳಿಸಿಕೊಂಡವಳು ನಾನು. ಹೇಳುತ್ತಿದ್ದವನು ಚಿತ್ರದುರ್ಗದಿಂದ ಮೋಟಾರ್ ಬೈಕಿನಲ್ಲಿ ಬಂದು, ಟೀ ಕುಡಿದು, ತಾರಸಿ ಹತ್ತಿ ಇಳಿದು, ತಲೆ ಅಲ್ಲಾಡಿಸಿ ಹೋಗುತ್ತಿದ್ದ ಒಬ್ಬ ಇಂಜಿನಿಯರು. ಪಾಪ, ಒಳ್ಳೆಯ ಹುಡುಗನೇ. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಆಕಾಶವೇ ಡೊಂಕು ಅನ್ನುತ್ತಿದ್ದ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿಗಿಂತ ಇನ್ನೂ ಒಳಗಿನ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ನಮ್ಮ ಶಾಲೆಗೆ ಎರಡು ಕಟ್ಟಡ. ರಸ್ತೆ ಬದಿಯ ಹಳೆಯದರಲ್ಲಿ ಆಫೀಸು ಮತ್ತು ಗಂಡುಮಕ್ಕಳ ತರಗತಿಗಳು. ಕೆರೆ ಏರಿಯ ಆಚೆಗಿನದರಲ್ಲಿ ಹೆಣ್ಣುಮಕ್ಕಳ ತರಗತಿಗಳು. ಟೆಲಿಫೋನ್ ತಂತಿ, ನಲ್ಲಿ ನೀರು, ಹೊಸ ಬೆಂಚು, ಏನೇ ಬಂದರೂ ಹಳೆಯ ಕಟ್ಟಡಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಏರಿ ದಾಟುವ ಹೊತ್ತಿಗೆ ಎಲ್ಲದಕ್ಕೂ ಸುಸ್ತಾಗುತ್ತಿತ್ತೇನೋ.

ಹೀಗಿರುವಾಗ ಬೆಂಗಳೂರಿನ ಒಂದು ಟ್ರಸ್ಟಿನವರು ಹತ್ತು ಕಂಪ್ಯೂಟರ್ ಕೊಟ್ಟರು. ಅವನ್ನು ಹೆಣ್ಣುಮಕ್ಕಳ ಕಟ್ಟಡದಲ್ಲೇ ಇಡಬೇಕು, ಅಲ್ಲೇ ಇಂಟರ್‌ನೆಟ್ ನಡೆಯಬೇಕು ಎಂಬುದು ಅವರ ಷರತ್ತು. ನಡುವೆ ರಸ್ತೆ, ಏರಿ, ತೂಬು ಎಲ್ಲ ಇದ್ದುದರಿಂದ ತಂತಿ ಎಳೆಯಲಾಗಲಿಲ್ಲ. ಹಾಗಾಗಿ ಎರಡೂ ತಾರಸಿಗಳ ಮೇಲೆ ಒಂದೊಂದು ಕಬ್ಬಿಣದ ಕಂಬ ನೆಟ್ಟು, ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಗಳನ್ನು ಎದುರುಬದುರಾಗಿ ಕೂರಿಸಿದರು. ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಗಾಳಿಯಲ್ಲೇ ಇಂಟರ್‌ನೆಟ್. ದೀಪಾವಳಿ ಕಳೆದ ಮೇಲೆ ಅವರ ಅಧಿಕಾರಿ ಬಂದು ನೋಡುತ್ತಾರೆ, ಅಷ್ಟರೊಳಗೆ ಇದು ನೆಟ್ಟಗೆ ನಡೆಯದಿದ್ದರೆ ಹತ್ತೂ ಕಂಪ್ಯೂಟರನ್ನು ಹಿರಿಯೂರು ಕಡೆಯ ಇನ್ನೊಂದು ಶಾಲೆಗೆ ಕೊಡುತ್ತಾರೆ ಎಂದು ಪತ್ರದಲ್ಲಿ ಬರೆದಿತ್ತು. ಹೆಡ್‌ಮಾಸ್ಟರು ಅದನ್ನು ಸ್ಟಾಫ್ ಮೀಟಿಂಗಿನಲ್ಲಿ ಓದಿದಾಗ ನಾನು ಎದ್ದು ನಿಂತು, ಒಂದೂ ಹೋಗುವುದಿಲ್ಲ, ನಾನಿದ್ದೇನೆ ಅಂದುಬಿಟ್ಟೆ. ನನ್ನ ಬಾಯಿಯೇ ಹಾಗೆ, ಮಿದುಳಿಗಿಂತ ಒಂದು ಹೆಜ್ಜೆ ಮುಂದೆ.

ಮಾರ್ಚಿನಲ್ಲಿ ಎಲ್ಲವೂ ಸೊಗಸಾಗಿ ನಡೆಯಿತು. ಮೈಸೂರು ಪಾಕು ಹಂಚಿದೆವು. ಬೇಸಿಗೆ ರಜೆ ಮುಗಿದು ಜೂನಿನಲ್ಲಿ ಬಾಗಿಲು ತೆಗೆದರೆ ಸಂಪರ್ಕ ಸತ್ತಿತ್ತು. ಮಧ್ಯಾಹ್ನ ಬಂತು, ಸಂಜೆ ಹೋಯಿತು. ಮಾರನೆಯ ದಿನ ಹತ್ತು ನಿಮಿಷ ಇದ್ದು ಮತ್ತೆ ಮಾಯ. ಹುಡುಗಿಯರು ಪರದೆಯ ಮುಂದೆ ಕೈಕಟ್ಟಿ ಕೂತು, ತಿರುಗುವ ಚಕ್ರವನ್ನು ನೋಡುತ್ತಾ ಪಿರಿಯಡ್ ಕಳೆಯುತ್ತಿದ್ದರು. ಇಂಜಿನಿಯರು ಬಂದ, ಪೆಟ್ಟಿಗೆ ಬದಲಾಯಿಸಿದ, ಹವಾಮಾನ ಅಂದ. ಇನ್ನೊಮ್ಮೆ ಬಂದು ತಂತಿಗಳನ್ನು ಬದಲಾಯಿಸಿ ಮತ್ತೆ ಹವಾಮಾನ ಅಂದ. ಮೂರನೆಯ ಸಲ, ದೊಡ್ಡ ಟವರ್ ಹಾಕಿಸಿದರೆ ಮಾತ್ರ ಆಗುತ್ತದೆ ಅಂದ. ಟವರ್ ನಮ್ಮ ಯೋಗ್ಯತೆಗೆ ಮೀರಿದ ಮಾತು.

ನನಗೆ ಸಿಟ್ಟು ಬಂದರೆ ಬರೆಯಲು ಕೂರುತ್ತೇನೆ. ಒಂದು ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಎಳೆದು, ಪ್ರತಿ ಪಿರಿಯಡ್ಡಿನ ಗಂಟೆ ಹೊಡೆದಾಗಲೂ ಸಂಪರ್ಕ ಇದೆಯೋ ಹೋಗಿದೆಯೋ ಬರೆದೆ. ಅದರ ಪಕ್ಕದಲ್ಲಿ ಬಿಸಿಲು, ಮೋಡ, ಗಾಳಿ, ಮಳೆ. ‘ಮೇಡಂ ಪಂಚಾಂಗ ಬರೀತಾ ಅವ್ರೆ’ ಎಂದು ಸ್ಟಾಫ್ ರೂಮಿನಲ್ಲಿ ನಗೆಯಾಡಿದರು. ಬರೆಯುತ್ತೇನೆ ಬಿಡಿ, ಮದುವೆ ಮುಹೂರ್ತ ಕೇಳಲು ನೀವೇ ಬರುತ್ತೀರಿ ಅಂದೆ. ಎರಡು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಂಡಿತು. ಇಬ್ಬನಿ ಬಿದ್ದ ಬೆಳಿಗ್ಗೆ ಸಂಪರ್ಕ ಇರುವುದಿಲ್ಲ, ಬಿಸಿಲೇರಿ ಹನ್ನೊಂದಾದರೆ ಬರುತ್ತದೆ. ಮಳೆ ಬಂದರೆ ಹೋಗುತ್ತದೆ, ಆದರೆ ಮಳೆ ನಿಂತ ತಕ್ಷಣ ಬರುವುದಿಲ್ಲ. ಗಂಟೆಗಟ್ಟಲೆ ಬಿಟ್ಟು ಬರುತ್ತದೆ. ಮಳೆ ನಿಂತ ಮೇಲೆ ಪೆಟ್ಟಿಗೆ ಒರೆಸಿದರೆ ಒಂದು ನಿಮಿಷಕ್ಕೆ ಒಣಗುತ್ತಿತ್ತು. ಹಾಗಾದರೆ ಗಂಟೆಗಟ್ಟಲೆ ಒಣಗದೆ ಇರುವುದು ಯಾವುದು? ಉತ್ತರ ಕಣ್ಣೆದುರಿಗೇ ಇತ್ತು, ನನಗೆ ಕಾಣಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಕಿನ ಪಾಠ ಮಾಡುವ ಟೀಚರು ನಾನು.

ಕಾಣಿಸಿದ್ದು ಆಯುಧಪೂಜೆಯ ದಿನ. ರಜೆಯಾದರೂ ಪೂಜೆಗೆಂದು ನಾವೆಲ್ಲ ಶಾಲೆಗೆ ಬಂದಿದ್ದೆವು. ನಮ್ಮ ಅಟೆಂಡರು, ನಿವೃತ್ತಿಗೆ ಎರಡು ವರ್ಷ ಇದ್ದ ದೈವಭಕ್ತರು, ಹತ್ತೂ ಕಂಪ್ಯೂಟರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂ ಮುಡಿಸಿದ್ದರು. ಮಂಗಳಾರತಿ ಆದ ಮೇಲೆ ಅಭ್ಯಾಸಬಲದಿಂದ ಒಂದು ಕಂಪ್ಯೂಟರ್ ಹಾಕಿದೆ. ಸಂಪರ್ಕ ಇಲ್ಲ. ಸುಡುಬಿಸಿಲಿನ ಮಧ್ಯಾಹ್ನ, ನನ್ನ ನೋಟ್‌ಬುಕ್ಕಿನ ಪ್ರಕಾರ ಅದು ಹೋಗಲೇಬಾರದ ಹೊತ್ತು. ಸೆರಗು ಸಿಕ್ಕಿಸಿಕೊಂಡು ತಾರಸಿ ಹತ್ತಿದೆ. ನೋಡಿದರೆ ಅಟೆಂಡರು ಕಂಬಕ್ಕೂ ಪೂಜೆ ಮಾಡಿದ್ದಾರೆ! ಇಷ್ಟು ದಪ್ಪದ ಬಾಳೆಕಂಬವನ್ನು, ಎಲೆಗಳ ಸಮೇತ, ಪೆಟ್ಟಿಗೆಯ ಮುಖಕ್ಕೆ ಸರಿಯಾಗಿ ಕಟ್ಟಿದ್ದಾರೆ. ಪಾಪ, ಪೂಜೆಯಿಂದಲಾದರೂ ಅದು ಸುಧಾರಿಸಲಿ ಎಂಬುದು ಅವರ ಉದ್ದೇಶ.

ಬಾಳೆಯನ್ನು ಪಕ್ಕಕ್ಕೆ ಸರಿಸಿದೆ, ಕೆಳಗಿನಿಂದ ಬಂತು ಅಂದರು. ಮುಂದಕ್ಕೆ ತಂದೆ, ಹೋಯಿತು ಅಂದರು. ನಾಲ್ಕು ಸಲ ಹೀಗೆ ಮಾಡಿದೆ, ಖುಷಿಗೆ. ಬಾಳೆ ಎಂದರೆ ನೀರು, ಹಸಿ ಎಲೆ ಎಂದರೆ ನೀರು. ನೀರು ಈ ಸಿಗ್ನಲ್ಲನ್ನು ಕುಡಿದುಬಿಡುತ್ತಿತ್ತು. ತಲೆ ಎತ್ತಿ ಎದುರಿಗೆ ನೋಡಿದರೆ ಏರಿಯ ಮೇಲೆ, ಎರಡು ಪೆಟ್ಟಿಗೆಗಳ ನಡುವೆ, ಊರಿಗೆಲ್ಲ ನೆರಳು ಕೊಡುವ ಬಸರಿ ಮರ. ಮಾರ್ಚಿನಲ್ಲಿ ಅದು ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ಜೂನಿಗೆ ತುಂಬಿಕೊಂಡಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಬಾಳೆಕಂಬ ಬೇಕಾಯಿತು. ಕೆಳಗಿಳಿದು ಅಟೆಂಡರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಗಾಬರಿಯಾಗಿ ಹಿಂದೆ ಸರಿದರು.

ಆ ಮರವನ್ನು ಕಡಿಯುವ ಯೋಚನೆ ನನಗೂ ಬರಲಿಲ್ಲ, ಬಂದಿದ್ದರೂ ಊರು ಬಿಡುತ್ತಿರಲಿಲ್ಲ. ಆದರೆ ಅದರ ಸೊಪ್ಪಿಗೆ ಪಾಳಿ ಇತ್ತು. ಊರಿನಲ್ಲಿ ಕುರಿ ಸಾಕುವ ನಾಲ್ಕು ಮನೆಯವರು ವರ್ಷಕ್ಕೊಬ್ಬರಂತೆ ಮರದ ಒಂದೊಂದು ಮಗ್ಗುಲು ಸವರಿಕೊಳ್ಳುತ್ತಿದ್ದರು. ಅದೂ ಸಂಕ್ರಾಂತಿ ಕಳೆದು, ಬಯಲಿನ ಹುಲ್ಲು ಒಣಗಿದ ಮೇಲೆ, ಎಲೆ ಉದುರುವ ಮುಂಚೆ. ಸವರಿದ ಮಗ್ಗುಲಿಗೆ ಮತ್ತೆ ಮೂರು ವರ್ಷ ಯಾರೂ ಸೊಪ್ಪು ಕೊಯ್ಯುವ ದೋಟಿ ಹಾಕುವಂತಿಲ್ಲ. ನಮ್ಮ ಪೆಟ್ಟಿಗೆಗಳಿಗೆ ಅಡ್ಡವಿದ್ದ ಮಗ್ಗುಲು ಆ ವರ್ಷ ಒಬ್ಬ ಅಜ್ಜಿಯ ಪಾಳಿಗೆ ಬಂದಿತ್ತು. ಎತ್ತರದ ಹೆಂಗಸು, ಹೆಗಲಿಗೆ ಕಂಬಳಿ, ಬಾಯಿ ತುಂಬ ಎಲೆಅಡಿಕೆ. ಸಂಜೆ ಏರಿಯ ಮೇಲೆ ಕುರಿ ಹೊಡೆದುಕೊಂಡು ಬರುವಾಗ ಅವಳನ್ನು ನಿಲ್ಲಿಸಿ, ಹೆಣ್ಣುಮಕ್ಕಳ ಕಂಪ್ಯೂಟರ್ ಹೋಗಿಬಿಡುತ್ತದೆ, ಈಗಲೇ ಆ ಮಗ್ಗುಲು ಸವರಿಕೊಡು ಎಂದು ಕೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಈಗ ಬಯಲ ತುಂಬ ಹಸ್ರು ಐತೆ ಮೇಡಮ್ಮ. ಈಗ್ಲೇ ಕಡದ್ರೆ, ಸಂಕ್ರಾಂತಿ ಆದ್ಮ್ಯಾಲೆ ನಮ್ ಕುರಿ ಏನ್ ತಿನ್ಬೇಕು, ನೀವೇ ಹೇಳ್ರಿ.”

ಅವಳು ಹೇಳಿದ್ದು ನ್ಯಾಯವಾಗಿತ್ತು, ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಮೂರನೆಯ ದಿನ ಶಾಲೆಯ ಕಾಂಪೌಂಡಿನ ಹತ್ತಿರ ನಿಂತಾಗ, ಬೇಲಿಯುದ್ದಕ್ಕೂ ಯಾರಿಗೂ ಬೇಡವಾಗಿ ಬೆಳೆದ ಸುಬಾಬುಲ್ ಗಿಡದ ಸಾಲು ಕಣ್ಣಿಗೆ ಬಿತ್ತು. ಕುರಿಗಳು ಅದಕ್ಕೆ ಬಾಯಿ ಹಾಕಲು ಬಂದರೆ ಅಟೆಂಡರು ಕೋಲು ಹಿಡಿದು ಓಡಿಸುವುದನ್ನು ವರ್ಷಗಳಿಂದ ನೋಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಸೊಪ್ಪಿಗೆ ಸೊಪ್ಪು ಕೊಡೋಣ, ಬೇಸಿಗೆಯಲ್ಲಿ ಅಜ್ಜಿ ನಮ್ಮ ಬೇಲಿ ಸವರಿಕೊಳ್ಳಲಿ ಎಂದು ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕುರಿ ಒಳಗೆ ಬಿಟ್ರೆ ಇದನ್ನ ಶಾಲೆ ಅಂತಾರೇನ್ರಿ ಮೇಡಂ? ದೊಡ್ಡಿ ಅಂತಾರೆ.”

ಕಂಪ್ಯೂಟರ್ ಹೋದರೆ ಏನಂತಾರೆ ಎಂದು ಕೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಭಾನುವಾರ ಮಾತ್ರ ಅಂದರು.

ಅಜ್ಜಿ ಬಂದು ಬೇಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿ, ಸೊಪ್ಪು ಮುರಿದು ಮೂಸಿ, ಆಗಬಹುದು ಅಂದಳು. ಆದರೆ ಮಗ್ಗುಲು ಪೂರ್ತಿ ಕೊಡಲು ಒಪ್ಪಲಿಲ್ಲ. ಬೇಕಾದಷ್ಟೇ ತೋರಿಸು ಅಂದಳು. ಎಲ್ಲಿ ಎಂದು ತೋರಿಸುವುದು ಹೇಗೆ? ನಾನು ಹೆಣ್ಣುಮಕ್ಕಳ ಕಟ್ಟಡದ ತಾರಸಿ ಹತ್ತಿ, ಪೆಟ್ಟಿಗೆಯ ಪಕ್ಕದಿಂದ ಕನ್ನಡಿಯಲ್ಲಿ ಬಿಸಿಲು ಹಿಡಿದು, ಎದುರಿನ ಕಟ್ಟಡದ ಕಡೆ ಬಿಟ್ಟೆ. ಬೆಳಕಿನ ಬೊಟ್ಟು ಮರದ ನೆರಳಿನೊಳಗೆ ಯಾವ ಎಲೆಗಳ ಮೇಲೆ ಬಿತ್ತೋ ಅಲ್ಲಿಗೆ ಅಜ್ಜಿಯ ದೋಟಿ ಹೋಯಿತು. ಒಂದೊಂದೇ ರೆಂಬೆ ಇಳಿಯಿತು. ಕೊನೆಗೆ ಆಚೆ ತಾರಸಿಯ ಮೇಲೆ ನಿಂತಿದ್ದ ಅಟೆಂಡರು ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಟವೆಲ್ ಬೀಸಿದರು. ಬೆಳಕು ದಾಟಿತ್ತು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಗೆದ್ದೆ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಇಬ್ಬನಿ ಬಿದ್ದಿತ್ತು, ಸಂಪರ್ಕ ಇರಲಿಲ್ಲ.

ಅಂದು ನನಗೆ ಅಳು ಬಂದದ್ದು ನಿಜ. ಆಫೀಸಿನಿಂದ ಇಂಜಿನಿಯರಿಗೆ ಫೋನ್ ಮಾಡಿ, ಬೈಯಲೆಂದೇ ಶುರುಮಾಡಿ, ಆದದ್ದನ್ನೆಲ್ಲ ಹೇಳಿದೆ. ಅವನು ಈ ಸಲ ಹವಾಮಾನ ಅನ್ನಲಿಲ್ಲ. ಸಿಗ್ನಲ್ ದಾರದ ಹಾಗೆ ಸಣ್ಣಗೆ ಹೋಗುವುದಿಲ್ಲ ಮೇಡಂ, ನಡುವೆ ಉಬ್ಬಿಕೊಂಡು ಹೋಗುತ್ತದೆ, ಕಣ್ಣಿಗೆ ದಾರಿ ಕಂಡರೆ ಸಾಲದು, ಸುತ್ತಲೂ ಜಾಗ ಬೇಕು ಎಂದು ನಿಧಾನವಾಗಿ ತಿಳಿಸಿ ಹೇಳಿದ. ಮರದ ವಿಷಯ ತನಗೆ ಹೊಳೆಯಬೇಕಿತ್ತು ಎಂದೂ ಒಪ್ಪಿಕೊಂಡ. ಅವನ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಮತ್ತೆ ಅಜ್ಜಿಯ ಮುಂದೆ ಹೋಗಿ ನಿಲ್ಲಲು ನಾಚಿಕೆಯಾಯಿತು. ಎಷ್ಟು ಬೇಕು ಎಂದು ಅವಳು ಕೇಳಿದಳು. ಒಂದು ಎತ್ತಿನಗಾಡಿ ಹಾಯುವಷ್ಟು ಅಂದೆ.

“ಗಾಡಿ ಹೋಗ್ಬೇಕು ಅಂತ ಮೊದ್ಲೇ ಹೇಳಾದಲ್ವಾ? ನಾನು ಕೋಳಿ ನುಗ್ಗೋವಷ್ಟು ಬಿಟ್ಟಿದ್ದೆ.”

ಅಷ್ಟೇ ಅಂದು ಕೊಡಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಮರ ಹತ್ತಿದಳು. ಅರವತ್ತು ದಾಟಿದವಳು. ಮಧ್ಯಾಹ್ನದ ಹೊತ್ತಿಗೆ ಮರದ ನಡುವೆ ಒಂದು ದೊಡ್ಡ ಕಿಟಕಿ ತೆರೆದುಕೊಂಡಿತು, ಅದರಾಚೆ ಹಳೆಯ ಕಟ್ಟಡದ ಬಿಳಿ ಪೆಟ್ಟಿಗೆ ಸ್ಪಷ್ಟವಾಗಿ ಕಂಡಿತು.

ಟ್ರಸ್ಟಿನ ಅಧಿಕಾರಿ ಬಂದ ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ನಮ್ಮ ಕಡೆ ಮಳೆ ಬೇಕು ಅಂದಾಗ ಬರುವುದಿಲ್ಲ, ಅಂದು ಕರೆಯದೆ ಬಂತು. ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತ್ತು. ಅಧಿಕಾರಿ ಕೊಡೆ ಮಡಿಸುತ್ತಾ, ಮಳೆಯಲ್ಲಿ ಇಂಥ ಸಂಪರ್ಕ ನಿಲ್ಲುವುದಿಲ್ಲವಲ್ಲ, ಬಿಟ್ಟ ಮೇಲೆ ನೋಡೋಣ ಅಂದರು. ಈಗಲೇ ನೋಡಿ ಸಾರ್ ಅಂದೆ.

ಹತ್ತೂ ಕಂಪ್ಯೂಟರಿನ ಮುಂದೆ ಹುಡುಗಿಯರು ಕೂತರು. ಅಧಿಕಾರಿ ಒಬ್ಬೊಬ್ಬಳಿಗೆ ಒಂದೊಂದು ಕೆಲಸ ಹೇಳಿದರು. ಒಬ್ಬಳು ಹಳೆಯ ಪ್ರಶ್ನೆಪತ್ರಿಕೆ ತೆರೆದಳು, ಇನ್ನೊಬ್ಬಳು ಶನಿಗ್ರಹದ ಬಳೆಗಳ ಚಿತ್ರ, ಮತ್ತೊಬ್ಬಳು ಭೂಪಟ. ಹತ್ತು ನಿಮಿಷ ಆಯಿತು, ಕಾಲು ಗಂಟೆ ಆಯಿತು. ಹೊರಗೆ ಮಳೆ ಜೋರಾಯಿತು, ಒಳಗೆ ಚಿತ್ರಗಳು ಒಂದರ ಮೇಲೊಂದು ಬರುತ್ತಲೇ ಇದ್ದವು. ಒಂದು ಗಂಟೆ ಅಧಿಕಾರಿ ಗಡಿಯಾರ ನೋಡಿಕೊಂಡು ಕೂತರು. ಒಂದು ಸಲವೂ ಸಂಪರ್ಕ ಹೋಗಲಿಲ್ಲ. ಆಮೇಲೆ ನನ್ನ ನೋಟ್‌ಬುಕ್ ತರಿಸಿ ಓದಿ, ಯಾವ ಹೊಸ ಸಾಮಾನು ಹಾಕಿಸಿದಿರಿ ಎಂದು ಕೇಳಿದರು. ಬಾಗಿಲಿಗೆ ಕರೆದುಕೊಂಡು ಹೋಗಿ ಬಸರಿ ಮರ ತೋರಿಸಿದೆ. ಎಲೆಗಳ ನಡುವೆ ಒಂದು ತುಂಡು ಆಕಾಶ ಕಾಣುತ್ತಿತ್ತು. ಅವರು ಅದನ್ನು ನೋಡಿ, ಒಳಗೆ ಬಂದು ಕಾಗದಕ್ಕೆ ಸಹಿ ಹಾಕಿದರು. ಹತ್ತೂ ಕಂಪ್ಯೂಟರ್ ನಮ್ಮ ಹುಡುಗಿಯರಿಗೇ ಉಳಿದವು. ಏನೇ ಬಂದರೂ ಏರಿಯ ಈಚೆಗೇ ನಿಲ್ಲುತ್ತಿದ್ದ ಊರಿನಲ್ಲಿ ಮೊದಲ ಸಲ ಒಂದು ವಸ್ತು ಏರಿ ದಾಟಿ ಹೋಗಿ ಅಲ್ಲೇ ನೆಲೆ ನಿಂತಿತ್ತು. ಸಂಕೋಚವಿಲ್ಲದೆ ಹೇಳುತ್ತೇನೆ, ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಾ ಕೂತಿದ್ದೆ.

ಬೇಸಿಗೆಯಲ್ಲಿ ಅಜ್ಜಿ ಭಾನುವಾರ ಭಾನುವಾರ ಬಂದು ನಮ್ಮ ಬೇಲಿ ಸವರಿಕೊಂಡಳು. ಸೊಪ್ಪಿಗೆ ಸೊಪ್ಪು ಚುಕ್ತಾ ಆಯಿತು. ಮಾರ್ಚಿನಲ್ಲಿ ಬಸರಿ ಎಲೆ ಉದುರಿಸಿತು, ಮತ್ತೆ ಚಿಗುರಿತು. ರಜೆಯುದ್ದಕ್ಕೂ ನನಗೆ ಅದೇ ಚಿಂತೆ. ಆ ಮಗ್ಗುಲಿಗೆ ಇನ್ನು ಮೂರು ವರ್ಷ ದೋಟಿ ಹಾಕುವಂತಿಲ್ಲ, ಚಿಗುರು ಕಿಟಕಿಯನ್ನು ಮುಚ್ಚಿಬಿಟ್ಟರೆ ಯಾರ ಹತ್ತಿರ ಹೋಗಿ ಏನೆಂದು ಕೇಳಲಿ?

ಜೂನಿನಲ್ಲಿ ಶಾಲೆ ಶುರುವಾದ ಮೊದಲ ದಿನ, ಹಿಂದಿನ ಸಂಜೆಯ ಮಳೆಗೆ ಎಲ್ಲ ಒದ್ದೆಯಾಗಿದ್ದಾಗ, ಕನ್ನಡಿ ಹಿಡಿದುಕೊಂಡು ತಾರಸಿ ಹತ್ತಿದೆ. ಕನ್ನಡಿ ಬೇಕಾಗಲಿಲ್ಲ. ಮರ ತುಂಬಿಕೊಂಡಿತ್ತು, ನಡುವೆ ಕಿಟಕಿ ಹಾಗೆಯೇ ತೆರೆದಿತ್ತು. ಕಡಿದ ಗಾಯಗಳಲ್ಲಿ ಬಿಳಿ ಹಾಲು ಇನ್ನೂ ಒಣಗಿರಲಿಲ್ಲ. ಕೆಳಗೆ ಏರಿಯ ಮೇಲೆ ಅಜ್ಜಿ ಕುರಿ ಹೊಡೆದುಕೊಂಡು ಹೋಗುತ್ತಿದ್ದಳು. ಓಡಿಹೋಗಿ, ಇದು ಯಾರು ಮಾಡಿದ್ದು, ಈ ವರ್ಷ ಈ ಮಗ್ಗುಲು ಯಾರ ಪಾಳಿಯೂ ಅಲ್ಲವಲ್ಲ ಎಂದು ಕೇಳಿದೆ. ಅವಳು ಎಲೆಅಡಿಕೆ ಉಗಿದು, ನಾನೇನೋ ದಡ್ಡ ಪ್ರಶ್ನೆ ಕೇಳಿದೆ ಎಂಬಂತೆ ನೋಡಿದಳು.

“ನಾಕೂ ಮನೆಯೋರು ಕುಂತು ಮಾತಾಡಿದ್ವಿ ಮೇಡಮ್ಮ. ಆ ಸಂದಿ ವರ್ಷವರ್ಷನೂ ನಿಮ್ ಹೆಣ್ಣುಡುಗ್ರ ಪಾಳಿ.”