ಲಾಳ ಕಟ್ಟುವವನ ಮಗಳು

ಅವಳಪ್ಪ ಕುದುರೆಗಳಿಗೆ ಲಾಳ ಕಟ್ಟುವವನು. ಅವಳಿಗೆ ಹದಿನಾಲ್ಕು ತುಂಬಿದಾಗ ಲಾಯದ ಯಜಮಾನ, ಯಾರೂ ಹತ್ತಲೊಲ್ಲದ ಒಂದು ಮೊಂಡು ಹೆಣ್ಣುಕುದುರೆಯ ಮೇಲೆ ಅವಳನ್ನು ಕೂರಿಸಿದ. ಬೂದು ಬಣ್ಣದ್ದು, ಎಲ್ಲರೂ ಬೂದಿ ಅನ್ನುತ್ತಿದ್ದರು. ಅವಳು ಬಿದ್ದಳು, ಮೈ ಕೊಡವಿಕೊಂಡು ಮತ್ತೆ ಹತ್ತಿದಳು.

"ಬಿದ್ರೂ ಮೀಸೆ ಮಣ್ಣಾಗಿಲ್ಲ ಅಂತಾಳೆ ನನ್ನ ಮಗಳು. ಮೀಸೆ ಒಂದಿಲ್ಲ ಅಷ್ಟೇ," ಅಂತ ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಕ್ಕ.

ಒಂಬತ್ತು ವರ್ಷ ಅವಳೂ ಬೂದಿಯೂ ಜೊತೆಯಾಗಿ ಪಂದ್ಯಗಳಲ್ಲಿ ತಡೆ ಹಾರಿದರು. ಒಂಬತ್ತನೇ ವರ್ಷದ ಕೊನೇ ಪಂದ್ಯದ ದಿನ ಜೋಡಿ ತಡೆ ದಾಟಿ ನೆಲಕ್ಕಿಳಿಯುವಾಗ ಬೂದಿಯ ಮುಂಗಾಲು ಮುರಿಯಿತು.

"ಈ ಮೂಳೆ ಕೂಡೋದಿಲ್ಲಮ್ಮ. ನರಳಿಸೋದು ಬೇಡ," ಅಂದರು ಪಶುವೈದ್ಯರು.

ನಾಲ್ಕು ಜನ ಟಾರ್ಪಾಲು ಹಿಡಿದು ಮರೆ ಮಾಡಿದರು. ಕೊನೆಯ ಸೂಜಿ ಚುಚ್ಚಿದಾಗ ಅವಳು ಬೂದಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಪ್ಪ ಇಕ್ಕಳ ಹಿಡಿದು ಬಂದ.

"ಲಾಳ ಬಿಚ್ಚಲೇನಮ್ಮ?"

"ಬಿಚ್ಚಪ್ಪ."

"ಮನೆಗೆ ಹೋಗೋಣ ಬಾ."

"ಇನ್ನೊಂದು ಕುದುರೆ ಮೇಲೆ ಹಾರೋದಿದೆ. ಮುಕ್ಕಾಲು ಗಂಟೆ ಟೈಮಿದೆ."

ಆ ಕುದುರೆಯ ಮೇಲೆ ತಡೆಯ ಒಂದು ಕೋಲೂ ಬೀಳಿಸದೆ ಗೆದ್ದಳು. ಚಪ್ಪಾಳೆ ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳಿಸಿತು. ಅಳು ಆಮೇಲೆ ಬರುತ್ತದೆ ಅಂದುಕೊಂಡಳು. ಬರಲಿಲ್ಲ.

ಮುಂದಿನ ಹನ್ನೆರಡು ವರ್ಷವೂ ಗೆಲ್ಲುತ್ತಲೇ ಹೋದಳು. ಅಳುಕೇ ಇಲ್ಲದವಳು ಎಂದು ಪತ್ರಿಕೆಯವರು ಹೊಗಳಿದರು. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಏನು ತಿಂದೆ ಅನ್ನುವುದು ಅವಳಿಗೆ ಮರೆತಿರುತ್ತಿತ್ತು. ಅಪ್ಪ ತೀರಿಕೊಂಡ ದಿನ ಅಕ್ಕ, "ಕಲ್ಲು ಕಣೇ ನೀನು," ಅಂದಳು. ಅವಳು ಹೂಂಗುಟ್ಟಿ, ಬಂದವರಿಗೆ ಕುರ್ಚಿ ಹಾಕಿದಳು.

ಒಂದು ಬೆಳಗ್ಗೆ ಪಂದ್ಯಕ್ಕೆ ಮುಂಚೆ, ತಡೆಯಿಂದ ತಡೆಗೆ ಹೆಜ್ಜೆ ಎಣಿಸುತ್ತ ನಡೆಯುವಾಗ ಲೆಕ್ಕ ತಪ್ಪಿತು. ಮತ್ತೆ ಎಣಿಸಿದಳು. ಮತ್ತೆ ತಪ್ಪಿತು.

"ಏನಾಯ್ತು?" ಕೋಚ್ ಕೇಳಿದರು.

"ಒಳಗೆ ಏನೂ ಆಗ್ತಿಲ್ಲ ಸರ್, ಅದೇ ತೊಂದರೆ. ಬಿದ್ರೆ ಬೀಳ್ಲಿ ಅನ್ಸುತ್ತೆ. ನನ್ನದು ಹಾಳಾಗ್ಲಿ, ಪಾಪ ಕುದುರೆ ಏನು ಮಾಡಿದೆ?"

ಹೆಲ್ಮೆಟ್ ಬಿಚ್ಚಿ ಅವರ ಕೈಗೆ ಕೊಟ್ಟಳು. ಮತ್ತೆ ಹತ್ತಲಿಲ್ಲ.

ಈಗ ಅದೇ ಮೈದಾನದಲ್ಲಿ ತಡೆ ಜೋಡಿಸುತ್ತಾಳೆ. ಟೇಪು ಹಿಡಿದು ಅಳೆಯುತ್ತಾಳೆ. ನೆಲ ಗಟ್ಟಿಯಿದ್ದರೆ ಮರಳು ಹಾಕಿಸುತ್ತಾಳೆ, ಪಂದ್ಯ ತಡವಾಯಿತೆಂದು ಯಾರು ಕೂಗಾಡಿದರೂ ಜಗ್ಗುವುದಿಲ್ಲ. ಹೋದ ವರ್ಷ ಒಂದು ಕುದುರೆ ಮುಗ್ಗರಿಸಿ, ಹೇಗೋ ಸಾವರಿಸಿಕೊಂಡಿತು. ಅವಳು ಟೇಪು ಅಲ್ಲೇ ಕೆಳಗಿಟ್ಟಳು. ತಕ್ಷಣ ಅಕ್ಕನಿಗೆ ಫೋನ್ ಮಾಡಿದಳು.

"ಹೆದರಿಕೆ ಆಯ್ತಕ್ಕ."

"ಹೌದಾ? ಆಮೇಲೆ?"

"ಆಮೇಲೇನಿಲ್ಲ. ಒಂದು ನಿಮಿಷ ಇತ್ತು, ಹೋಯ್ತು."

"ಬಂತಲ್ಲ ಕಣೇ," ಅಂದಳು ಅಕ್ಕ. ಫೋನ್ ಇಡಲಿಲ್ಲ.