ಅಪ್ಪನ ಮಾತನ್ನು ಊರಿಗೆಲ್ಲ ಹಂಚಿದ ನಾದಿನಿ

ನನ್ನ ಹೆಂಡತಿಯ ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ. ವಾರವೆಲ್ಲ ಕಂಡವರ ಕಣ್ಣಿನ ನಂಬರಿಗೆ ತಕ್ಕಂತೆ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಅವರ ಮೂಗಿನ ಮೇಲಿಟ್ಟು, ತಲೆ ಓರೆ ಮಾಡಿ ನೋಡಿ ಕಳಿಸುತ್ತಾಳೆ. ಶನಿವಾರ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದ ಮೇಲೆ ಮಾತ್ರ ಸೀದಾ ಮನೆಗೆ ಬರುವ ಪೈಕಿ ಅಲ್ಲ. ಸೈಕಲ್ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆ ಇದೆ, ಅಲ್ಲಿಗೆ ಹೋಗುತ್ತಾಳೆ. ಅವಳಂಥವರೇ ಒಂದಷ್ಟು ಜನ ಅಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಸಂಜೆಯವರೆಗೂ ಕಟಕಟ ಕುಟ್ಟುತ್ತಾ ಕೂತಿರುತ್ತಾರೆ.

"ಏನ್ ಮಾಡ್ತೀಯಮ್ಮ ಅಲ್ಲಿ?" ಅಂತ ಒಂದು ದಿನ ಕೇಳಿದೆ.

"ಸಾಫ್ಟ್‌ವೇರ್ ಮಾಡ್ತೀವಿ ಭಾವ."

"ಯಾರಿಗೆ ಮಾರ್ತೀರಿ?"

"ಮಾರಲ್ಲ. ಬೇಕಾದವರು ತಗೋಬಹುದು. ಒಳಗೆ ಹೇಗಿದೆ ಅಂತ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನ ಇನ್ನೊಬ್ಬರಿಗೆ ಕೊಡಬಹುದು. ಓಪನ್ ಸೋರ್ಸ್ ಅಂತಾರೆ."

"ಯಜಮಾನ ಇಲ್ಲದ ಮನೆ ಅನ್ನು."

"ಬಂದು ನೋಡಿ ಆಮೇಲೆ ಬೈಯಿರಿ. ಬರುವಾಗ ನಿಮ್ಮ ಸೂಜಿ ದಾರ ತನ್ನಿ, ಅಲ್ಲಿ ಕುರ್ಚಿಗಳ ಹೊಟ್ಟೆಯೆಲ್ಲ ಹೊರಗೆ ಬಂದಿದೆ."

ನನ್ನದು ಕುಶನ್ ಕೆಲಸ. ಸೋಫಾ, ಕುರ್ಚಿ, ಗಾಡಿ ಸೀಟು, ಯಾವುದಾದರೂ ಸರಿ. ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದು ಬಂದವನು ನಾನು. ಬರೆಯುವುದೆಂದರೆ ನನಗೆ ಕಬ್ಬಿಣದ ಕಡಲೆ. ಆದರೂ ಈ ಹುಡುಗಿಯ ವಿಷಯ ಬರೆಯಲೇಬೇಕು ಅನ್ನಿಸಿತು, ಯಾಕೆಂದರೆ ಅವಳು ಮಾಡುವುದು ಏನು ಅಂತ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ನನಗೇ ಸಾಕುಸಾಕಾಗಿತ್ತು.

ಹೋದೆ. ಗೋಡೆಗೆ ಬಣ್ಣ ಕಂಡು ಎಷ್ಟು ಕಾಲವಾಗಿತ್ತೋ. ವಯರುಗಳು ನೆಲದ ಮೇಲೆ ಹಾವಿನಂತೆ ಬಿದ್ದಿದ್ದವು. ನಾನು ಬಾಗಿಲಲ್ಲಿ ನಿಂತರೆ ಯಾರೂ "ನೀವ್ಯಾರು" ಅನ್ನಲಿಲ್ಲ. ಒಬ್ಬ ದಾಡಿಯವನು ತಲೆ ಎತ್ತಿ, "ಏನು ಕೆಟ್ಟಿದೆ?" ಅಂದ.

"ನಿಮ್ಮ ಕುರ್ಚಿ," ಅಂದೆ.

ಕೋಣೆಗೆ ಕೋಣೆಯೇ ನಕ್ಕಿತು. ಅಲ್ಲಿನ ಪದ್ಧತಿಯೇ ಅದಂತೆ. ಹೊಸಬರು ಬಂದರೆ ಹೆಸರು, ಓದು, ಕೆಲಸ ಕೇಳುವುದಿಲ್ಲ. ಏನು ಕೆಟ್ಟಿದೆ ಅಂತ ಕೇಳುತ್ತಾರೆ.

ಮೂಲೆಯಲ್ಲಿ ಕೂತು ಹೊಲಿಯುತ್ತಾ ನೋಡಿದೆ. ಒಬ್ಬರು ಏನೋ ಬರೆಯುತ್ತಾರೆ. ಬರೆದವರೇ ಅದನ್ನು ಒಳಗೆ ಸೇರಿಸುವಂತಿಲ್ಲ, ಇನ್ನಿಬ್ಬರು ಓದಿ ಒಪ್ಪಬೇಕು. ಓದುವವರು ಸುಮ್ಮನೆ ಓದುತ್ತಾರೆಯೇ? "ಇದು ಯಾಕೆ ಹೀಗಿದೆ?" "ಇಲ್ಲಿ ಬಳಸು ದಾರಿ ಹಿಡಿದಿದ್ದೀಯ." "ಇದನ್ನ ನಾಳೆ ನಿನಗೇ ಓದೋಕಾಗಲ್ಲ." ಮುಖದ ಎದುರಿಗೇ! ಅವರಲ್ಲಿ ಕಾಲೇಜು ಮೇಷ್ಟ್ರೂ ಒಬ್ಬರಿದ್ದರು, ಅವರ ಕೆಲಸವನ್ನು ಆ ದಾಡಿಯವನು ಹರಿದು ಹಂಚಿಬಿಟ್ಟ. ಈಗ ಹೊಡೆದಾಟ ಗ್ಯಾರಂಟಿ ಅಂತ ನಾನು ಕತ್ತರಿ ಕೆಳಗಿಟ್ಟೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಹೌದಲ್ಲ," ಅಂದರು, ಮತ್ತೆ ಬರೆಯಲು ಕೂತರು. ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೇ ಪೊಟ್ಟಣದಿಂದ ಬಿಸ್ಕತ್ತು ತಿನ್ನುತ್ತಿದ್ದರು. ನನ್ನ ಹೊಲಿಗೆಗೆ ಯಾರಾದರೂ ಹಾಗಂದಿದ್ದರೆ ಅವರು ಮೆಟ್ಟಿಲು ಇಳಿಯುವ ರೀತಿಯೇ ಬೇರೆ ಇರುತ್ತಿತ್ತು. ಇವರ ರಕ್ತ ಯಾವ ಜಾತಿಯದು ಅಂತ ನನಗೆ ಕುತೂಹಲ ಹತ್ತಿದ್ದೇ ಆವಾಗ.

ಕುರ್ಚಿಗಳ ಕೆಲಸ ಮುಗಿದ ಮೇಲೂ ಏನಾದರೂ ನೆಪ ಮಾಡಿಕೊಂಡು ಹೋಗುತ್ತಿದ್ದೆ. ನಾದಿನಿ ಅಲ್ಲಿ ಎಲ್ಲರಿಗೂ ಸಹಾಯ ಮಾಡುವವಳು. ಬೇರೆಯವರು ಬರೆದದ್ದನ್ನು ಓದುವುದರಲ್ಲಿ ಗಾಜು ನೋಡುವ ಕಣ್ಣೇ. ಆದರೆ ತಾನು ಬರೆದದ್ದೊಂದನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಅದು ನಮ್ಮ ಮಾವನ ಮಾತು.

ಮಾವ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಮಂಡಿಯಲ್ಲಿ ಬಾಯಿ ಬಿಟ್ಟರೆ ಆಚೆ ಬೀದಿಯಲ್ಲಿ ಮಗು ಎದ್ದು ಅಳುತ್ತಿತ್ತು. ಅಂಥವರಿಗೆ ಗಂಟಲಲ್ಲಿ ಗಡ್ಡೆಯಾಗಿ, ಆಪರೇಷನ್ ಆಗಿ, ದನಿ ಪೂರ್ತಿ ಹೋಯಿತು. ಮೊದಮೊದಲು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಬರೆದು ಮುಗಿಸುವಷ್ಟರಲ್ಲಿ ಎಲ್ಲರೂ ಬೇರೆ ಮಾತಿಗೆ ಹೋಗಿರುತ್ತಿದ್ದರು. ಮಾತು ಅಂದರೆ ಬೀಳಬೇಕಾದ ಗಳಿಗೆಗೆ ಬೀಳಬೇಕು. ತಡವಾದರೆ ಆರಿದ ಕಬ್ಬಿಣಕ್ಕೆ ಸುತ್ತಿಗೆ ಏಟು.

ಮಗಳು ಕೂತು ಫೋನಿಗೆ ಒಂದು ಆಪ್ ಮಾಡಿದಳು. ಟೈಪ್ ಮಾಡಿದರೂ ಓದುತ್ತದೆ. ಅದಕ್ಕಿಂತ ಮುಖ್ಯ, ಅದರಲ್ಲಿ ಸಾಲಾಗಿ ಬಟನ್‌ಗಳು, ಒಂದೊಂದಕ್ಕೂ ಮಾವನ ಒಂದೊಂದು ಮಾತು. ಒತ್ತಿದರೆ ಸಾಕು, ಫೋನು ಜೋರಾಗಿ ಅನ್ನುತ್ತದೆ. "ಬೆಲೆ ಹೇಳು, ಕತೆ ಹೇಳಬೇಡ." "ಟೀಗೆ ಸಕ್ಕರೆ ಹಾಕೋಕೆ ಕೈ ನೋಯುತ್ತಾ?" "ಬಂದವರು ಎದ್ದರೆ ಬಾಗಿಲು ಹಾಕ್ಕೋಬಹುದು." ನನಗೆಂದೇ ಒಂದು ಬಟನ್ ಇತ್ತು: "ಅಳಿಯಂದಿರೇ, ಗಂಟಲು ಇದೆ ಅಂತ ಹೀಗೆ ಖರ್ಚು ಮಾಡಬೇಡಿ." ನಾನು ಮನೆಯಲ್ಲಿ ದನಿ ಏರಿಸಿದರೆ ಮಾವ ಅದನ್ನು ಒತ್ತಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದರು. ಹೆಂಡತಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು.

ಫೋನಿನವರು ವರ್ಷ ವರ್ಷವೂ ಒಳಗಿನದನ್ನು ಬದಲಾಯಿಸುತ್ತಾರಂತೆ. ಒಂದು ಸಲ ಹಾಗೆ ಬದಲಾದಾಗ ಮಾವನ ಆಪ್ ಮೂಕಾಯಿತು. ನಾದಿನಿ ಹಗಲು ರಾತ್ರಿ ತಿಣುಕಿದಳು, ಬಗ್ಗಲಿಲ್ಲ. ಕೊನೆಗೆ ಸೋತು ಆ ಶನಿವಾರದ ಕೂಟದ ಮುಂದೆ ಇಟ್ಟಳು. ಆ ದಾಡಿಯವನು, ಮೇಷ್ಟ್ರು, ಇನ್ನೂ ನಾಲ್ಕಾರು ಜನ ಸೇರಿ ಸರಿ ಮಾಡಿದರು. ಆವತ್ತಿನಿಂದ ಅದು ಎಲ್ಲರ ಆಪ್ ಆಯಿತು. ದನಿ ಹೋದವರು, ಪಾರ್ಶ್ವವಾಯು ಹೊಡೆದವರು, ಎಲ್ಲೆಲ್ಲಿಯವರೋ ತಮ್ಮ ಫೋನಿಗೆ ಇಳಿಸಿಕೊಂಡರು. ಎಡವಟ್ಟಾಗಿದ್ದು ಇಲ್ಲೇ. ಆಪ್ ಹಂಚುವ ಸಂಭ್ರಮದಲ್ಲಿ ನಾದಿನಿ ಮಾವನ ಮಾತುಗಳನ್ನು ಅದರೊಳಗೆ ಹಾಗೇ ಬಿಟ್ಟಿದ್ದಳು. ಯಾರು ಇಳಿಸಿಕೊಂಡರೂ ಮಾವನ ಬಾಯಿಯೇ ಅವರಿಗೂ ಬರುತ್ತಿತ್ತು!

ಇದು ಅವಳಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಒಂದು ದಿನ ಮಾವನ ಹಳೆಯ ಮಂಡಿ ಗೆಳೆಯ ಮನೆಗೆ ಬಂದಿದ್ದರು. ಬಂದವರು ತಮ್ಮ ಮಗ ಕೊಂಡ ಗಾಡಿಯ ಪುರಾಣ ಶುರು ಮಾಡಿದರು. ಮಾವ ಕಣ್ಣು ಮಿಟುಕಿಸಿ ಬೆಲೆಯ ಬಟನ್ ಒತ್ತಿದರು. ಫೋನು ಹೇಳಿತು: "ದಯವಿಟ್ಟು ಸಂಕ್ಷಿಪ್ತವಾಗಿ ತಿಳಿಸಿ."

ಗೆಳೆಯ ಬಾಯಿ ಬಿಟ್ಟುಕೊಂಡು ನೋಡಿದರು. "ಏನಯ್ಯಾ, ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ತಾ ನಿನಗೆ?"

ಮಾವ ಇನ್ನೊಂದು ಒತ್ತಿದರು. "ತಮ್ಮ ಭೇಟಿಯಿಂದ ಬಹಳ ಸಂತೋಷವಾಯಿತು."

ಮತ್ತೊಂದು ಒತ್ತಲಿಲ್ಲ. ಎದ್ದು ಹೋಗಿ ಫೋನನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಮರುದಿನ ತೆಗೆಯಲಿಲ್ಲ, ಅದರ ಮರುದಿನವೂ ತೆಗೆಯಲಿಲ್ಲ. ಸ್ಲೇಟನ್ನೂ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಬಂದು ಕೂತು ತಲೆ ಬಗ್ಗಿಸಿ ಉಂಡು ಹೋಗುತ್ತಿದ್ದರು. ಆಪರೇಷನ್ ಆದಾಗಲೂ ನಮ್ಮ ಮನೆ ಅಷ್ಟು ಸದ್ದಿಲ್ಲದೆ ಇರಲಿಲ್ಲ.

ನಾದಿನಿ ಲ್ಯಾಪ್‌ಟಾಪ್ ತೆಗೆದು ನೋಡಿದಳು. ಕೂಟದಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಹೆಂಗಸು ಇದ್ದರು, ಎಲ್ಲರೂ ಡಾಕ್ಟ್ರಮ್ಮ ಅನ್ನುತ್ತಿದ್ದರು. ಮಾತುಗಳನ್ನೆಲ್ಲ ಬದಲಾಯಿಸಿದ್ದು ಅವರು. ಇವಳಿಗೆ ಜ್ವರ ಬಂದಿದ್ದ ವಾರ ಇಬ್ಬರು ಓದಿ, ಒಪ್ಪಿ, ಒಳಗೆ ಸೇರಿಸಿದ್ದರು. ಪದ್ಧತಿ ಪ್ರಕಾರವೇ ಎಲ್ಲಾ. ಮಾವನ ಫೋನು ತನ್ನಷ್ಟಕ್ಕೆ ಹೊಸದನ್ನು ಇಳಿಸಿಕೊಂಡಿತ್ತು.

"ಸಾಕು ಭಾವ," ಅಂದಳು. "ಶನಿವಾರ ಹೋಗಿ ವಾಪಸ್ ತಗೊಂಡು ಬರ್ತೀನಿ. ಇನ್ಮೇಲೆ ಇದು ನಮ್ಮನೇದು ಮಾತ್ರ."

"ತಗೋ! ನಾನೂ ಬರ್ತೀನಿ."

ನನ್ನ ಹೆಂಡತಿ ಅಡುಗೆಮನೆಯಿಂದಲೇ ತಂಗಿಯನ್ನು ಕೇಳಿದಳು, "ಮುಂದಿನ ಸಲ ಫೋನು ಬದಲಾದಾಗ ಒಬ್ಬಳೇ ಏನ್ ಮಾಡ್ತೀಯೇ?"

 ಅದೇ ಕಷ್ಟ. ಕೂಟದಲ್ಲಿ ಬಿಟ್ಟರೆ ಅಪ್ಪನ ಮಾತು ಅಪ್ಪನದಾಗಿ ಉಳಿಯುವುದಿಲ್ಲ. ಕೂಟದಿಂದ ಕಿತ್ತುಕೊಂಡರೆ ಒಂದು ದಿನ ಮಾತೇ ಉಳಿಯುವುದಿಲ್ಲ.

ಶನಿವಾರ ನಾವಿಬ್ಬರು ಹೊರಟಾಗ ಮಾವ ಕಪಾಟಿನಿಂದ ಫೋನು ತೆಗೆದು ಜೇಬಿಗಿಟ್ಟು, ಚಪ್ಪಲಿ ಮೆಟ್ಟಿ ಹಿಂದೆಯೇ ಬಂದರು. ಬೇಡ ಅನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮೆಟ್ಟಿಲು ಹತ್ತಿದವನೇ ನಾನು ಕೂಗಿದೆ. "ನಮ್ಮ ಮಾವನ ಬಾಯಿಗೆ ಕೈ ಹಾಕಿದವರು ಯಾರ್ರೀ?"

ದಾಡಿಯವನು ಕುರ್ಚಿ ಎಳೆದು ಹಾಕಿದ. "ಕೂತ್ಕೊಳ್ಳಿ. ಏನ್ ಮಾಡಿದ್ರಿ, ಏನಾಗುತ್ತೆ ಅಂದ್ಕೊಂಡಿದ್ರಿ, ಏನಾಯ್ತು? ಅದನ್ನ ಹೇಳಿ."

ದೂರು ತಂದವರನ್ನೆಲ್ಲ ಅವರು ಕೇಳುವುದು ಈ ಮೂರೇ ಪ್ರಶ್ನೆ. ಬೈಯಲು ಬಂದವನು ಅದಕ್ಕೆ ಉತ್ತರ ಹೇಳುತ್ತಾ ಹೋದರೆ ಬೈಗುಳ ಸೇರಿಸಲು ಜಾಗವೇ ಸಿಗುವುದಿಲ್ಲ. ಬಟನ್ ಒತ್ತಿದರು, ಹೀಗನ್ನಬೇಕಿತ್ತು, ಹಾಗಂತು. ಹೇಳಿ ಮುಗಿಸುವಷ್ಟರಲ್ಲಿ ನನ್ನ ದನಿ ತಾನೇ ಇಳಿದಿತ್ತು.

ಡಾಕ್ಟ್ರಮ್ಮ ಎದ್ದು ನಿಂತರು. "ಬದಲಾಯಿಸಿದ್ದು ನಾನೇ. ಇವರಪ್ಪನ ಮಾತು ಅಂತ ದೇವರಾಣೆ ಗೊತ್ತಿರಲಿಲ್ಲ. ನನ್ನ ಹತ್ರ ಒಬ್ಬರು ಅಜ್ಜಿ ಬರ್ತಾರೆ, ಪಾರ್ಶ್ವವಾಯು. ಅವರಿಗೆ ಈ ಆಪ್ ಹಾಕ್ಕೊಟ್ಟೆ. ಬೀಗರು ನೋಡೋಕೆ ಬಂದಾಗ ನಮಸ್ಕಾರ ಅನ್ನೋಕೆ ಹೋಗಿ ಪಕ್ಕದ್ದು ಒತ್ತಿದ್ದಾರೆ. ಬಂದವರು ಎದ್ದರೆ ಬಾಗಿಲು ಹಾಕ್ಕೋಬಹುದು ಅಂದುಬಿಡ್ತು."

 ಮಾವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೇನೋ ಅಂತ ನಾನು ಬಗ್ಗಿ ನೋಡಿದರೆ, ನಗು. ಜೇಬಿನಿಂದ ಫೋನು ತೆಗೆದು ಒಂದೊಂದೇ ಅಕ್ಷರ ಟೈಪ್ ಮಾಡಿದರು. ಎಲ್ಲರೂ ಕಾದರು.

"ಬೀಗರು ಎದ್ದು ಹೋದ್ರಾ?" ಅಂತು ಫೋನು.

"ಹೋದ್ರು," ಅಂದರು ಡಾಕ್ಟ್ರಮ್ಮ.

ಮಾವ ಮತ್ತೆ ಟೈಪ್ ಮಾಡಿದರು. "ಹಾಗಾದ್ರೆ ಆಪ್ ಸರಿಯಾಗೇ ಕೆಲಸ ಮಾಡ್ತಿದೆ."

ಮೇಷ್ಟ್ರು ಮೇಜು ಬಡಿದು ನಕ್ಕರು. ಡಾಕ್ಟ್ರಮ್ಮ ಕೂಡ ನಕ್ಕರು. ನಾದಿನಿ ಮಾತ್ರ ನಗಲಿಲ್ಲ. ತುಟಿ ಕಚ್ಚಿಕೊಂಡು, "ತಪ್ಪು ನಿಮ್ಮದಲ್ಲ," ಅಂದಳು. "ನಮ್ಮಪ್ಪನ ನಾಲಿಗೆಯನ್ನ ಊರವರ ಬಾಯಿಗೆಲ್ಲ ಹೊಲಿದು ಕಳಿಸಿದವಳು ನಾನು."

"ವಾಪಸ್ ತಗೋತೀರಾ?" ಅಂತ ಡಾಕ್ಟ್ರಮ್ಮ ಮೆಲ್ಲಗೆ ಕೇಳಿದರು. "ನಿಮ್ಮ ಹಕ್ಕು. ಆದರೆ ಆ ಅಜ್ಜಿಗೆ ನಾನೇನ್ ಹೇಳಲಿ?"

ನಾದಿನಿ ಅವರ ಪಕ್ಕದ ಕುರ್ಚಿ ಎಳೆದು ಕೂತಳು. "ಮೊದಲು ನೀವು ಮಾಡಿದ್ದನ್ನ ತೋರಿಸಿ."

ಆಮೇಲೆ ನಡೆದದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಅಳಿಸಿದ ಮಾತುಗಳು ಹೋಗಿಯೇ ಹೋದವು ಅಂದುಕೊಂಡಿದ್ದೆ. ಇವರಲ್ಲಿ ಅಳಿಸಿದ್ದು ಅಳಿಸಿ ಹೋಗುವುದಿಲ್ಲ. ಯಾರು, ಯಾವತ್ತು, ಏನು ತೆಗೆದರು, ಬದಲಿಗೆ ಏನು ಇಟ್ಟರು, ಎಲ್ಲ ಪದರ ಪದರವಾಗಿ ಅಡಿಯಲ್ಲಿ ಇರುತ್ತದೆ. ನಾವು ಹಳೇ ಬಟ್ಟೆ ಕಿತ್ತರೆ ಕಸದ ಬುಟ್ಟಿಗೆ ಎಸೆಯುತ್ತೇವೆ. ಇವರು ಹಳೆಯದರ ಮೇಲೇ ಹೊಸದು ಹೊದಿಸಿ, ಬೇಕೆಂದಾಗ ಕೆಳಗಿನದನ್ನು ಎಳೆದು ತೆಗೆಯುತ್ತಾರೆ. ಎಳೆದರು. ಮಾವನ ಮಾತು ಒಂದೂ ಮುಕ್ಕಾಗದೆ ಬಂತು.

ಇನ್ನು ಅದನ್ನು ಎಲ್ಲಿಡುವುದು? ಮಾತುಗಳು ಆಪ್ ಒಳಗೆ ಇರಲೇಬಾರದು, ಅವರವರ ಮಾತು ಅವರವರ ಫೋನಿನಲ್ಲೇ ಇರಬೇಕು, ಹೊಸದಾಗಿ ಹಾಕಿಕೊಂಡವರಿಗೆ ಖಾಲಿ ಬಟನ್ ಕೊಟ್ಟು ಏನನ್ನಬೇಕು ಅಂತ ಕೇಳಬೇಕು ಅಂತ ಡಾಕ್ಟ್ರಮ್ಮ ಅಂದರು. ಅವರೇ ಬರೆದರು. ನಾದಿನಿ ಓದಿ ವಾಪಸ್ ಕೊಟ್ಟಳು. "ಫೋನ್ ಕಳೆದುಹೋದ್ರೆ ಮಾತೂ ಕಳೆದುಹೋಗುತ್ತೆ, ಇದಕ್ಕೇನು?" ಅವರು ತಿದ್ದಿದರು. ಮತ್ತೆ ವಾಪಸ್. "ಬಟನ್ ಚಿಕ್ಕದಾಯ್ತು, ಅಜ್ಜಿ ಮತ್ತೆ ಪಕ್ಕದ್ದೇ ಒತ್ತುತ್ತಾರೆ." ಮತ್ತೆ ತಿದ್ದಿದರು. ನನಗಾದರೆ ಇಷ್ಟು ಹೊತ್ತಿಗೆ ತಲೆಯಿಂದ ಹೊಗೆ ಬಂದಿರುತ್ತಿತ್ತು. ಡಾಕ್ಟ್ರಮ್ಮ "ಹೂಂ, ಕೊಡಿ" ಅನ್ನುತ್ತಾ ಇಸಿದುಕೊಳ್ಳುತ್ತಿದ್ದರು. ಮೇಷ್ಟ್ರೂ ಒಮ್ಮೆ ಓದಿ ಮೊದಲ ಒಪ್ಪಿಗೆ ಕೊಟ್ಟರು.

ಕೊನೆಗೆ ಎರಡನೆಯ ಒಪ್ಪಿಗೆ ನಾದಿನಿಯದು. ಬೆರಳು ಮೇಲೆತ್ತಿ ಹಿಡಿದು ಕೂತಳು. ಒತ್ತಿದರೆ ಆಪ್ ಎಲ್ಲರದಾಗಿ ಉಳಿಯುತ್ತದೆ, ನಾಳೆ ಇನ್ಯಾರೋ ಬಂದು ಇನ್ನೇನೋ ತಿದ್ದುತ್ತಾರೆ. ಅವಳು ಅಪ್ಪನ ಕಡೆ ನೋಡಿದಳು. ಮಾವ, ಹೊಸದನ್ನು ಪರೀಕ್ಷೆಗೆಂದು ಹಾಕಿಕೊಂಡಿದ್ದ ಆ ದಾಡಿಯವನ ಫೋನು ಇಸಿದುಕೊಂಡು, ಅದರ ಖಾಲಿ ಬಟನ್‌ಗಳಲ್ಲಿ ಅವನಿಗೆಂದು ಏನೋ ತುಂಬುತ್ತಾ ಕೂತಿದ್ದರು. ಅವನು ಇಣುಕಿ, "ಅಯ್ಯೋ ಯಜಮಾನ್ರೇ, ಇದನ್ನ ಹೆಂಡತಿ ಎದುರಿಗೆ ಒತ್ತಿದ್ರೆ ನಾನು ಮನೆ ಬಿಡಬೇಕಾಗುತ್ತೆ," ಅನ್ನುತ್ತಿದ್ದ.

ನಾದಿನಿ ಒತ್ತಿದಳು. ಒತ್ತಿ, "ಡಾಕ್ಟ್ರಮ್ಮ, ಇನ್ಮೇಲೆ ಸೇರಿಸೋ ಅಧಿಕಾರ ನಿಮಗೂ ಕೊಟ್ಟಿದ್ದೀನಿ. ನನಗೆ ಜ್ವರ ಬಂದ್ರೂ ಕೆಲಸ ನಿಲ್ಲಬಾರದು," ಅಂದಳು.

ಮಾವನ ಹಳೆಯ ಮಾತೆಲ್ಲ ಅವರ ಫೋನಿಗೇ ಮರಳಿತು. ಮನೆಯ ದಾರಿಯಲ್ಲಿ ಅಪ್ಪ ಮಗಳು ಮುಂದೆ, ನಾನು ಹಿಂದೆ. ಅವಳು ಒಂದು ಮಾತಾಡಿದರೆ ಫೋನು ಎರಡು ಮಾತಾಡುತ್ತಿತ್ತು. ಎದುರು ಬಂದವರಿಗೊಂದು, ಹಾರ್ನ್ ಹೊಡೆದವನಿಗೊಂದು. ಬೀದಿಯ ತಿರುವಿನಲ್ಲಿ ಅವಳು ನಿಂತು, ಸೊಂಟದ ಮೇಲೆ ಕೈಯಿಟ್ಟು, ಗದರಿಸಿದಳು.

"ಅಪ್ಪಾ, ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಬರ್ತೀಯಾ ನೀನು?"